ಪ್ರಾಮ್ ರಾತ್ರಿಗೆ ಗಾಡಿ ಗೊತ್ತು ಮಾಡಿದ್ದು

ಅಮೆರಿಕದ ಹೈಸ್ಕೂಲುಗಳಲ್ಲಿ ಕೊನೆಯ ಎರಡು ವರ್ಷದ ಮಕ್ಕಳಿಗೆ ಬೇಸಿಗೆ ರಜೆಗೆ ಮುಂಚೆ, ಹೆಚ್ಚಾಗಿ ಏಪ್ರಿಲ್ ಇಲ್ಲವೇ ಮೇ ತಿಂಗಳ ಒಂದು ಶನಿವಾರ, ಪ್ರಾಮ್ ನಡೆಯುತ್ತದೆ. ಶಾಲೆಯೇ ಏರ್ಪಡಿಸುವ ನೃತ್ಯಕೂಟ. ಹುಡುಗಿಯರಿಗೆ ನೆಲ ಮುಟ್ಟುವ ಗೌನು, ಹುಡುಗರಿಗೆ ಬಾಡಿಗೆ ಟಕ್ಸಿಡೊ, ಸಂಜೆ ಪಾರ್ಕಿನಲ್ಲಿ ಫೋಟೊ, ಆಮೇಲೆ ಊಟ, ಕುಣಿತ. ಮಗಳ ಪ್ರಾಮ್ ಬಗ್ಗೆ ಹಾಸನದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಇಷ್ಟೆಲ್ಲ ಹೇಳಿ ಮುಗಿಸಿದೆ. ಗೌನಿನ ಬಣ್ಣ ಕೇಳುತ್ತಾಳೆ ಅಂದುಕೊಂಡಿದ್ದರೆ, "ಅಷ್ಟು ಹೊತ್ನಲ್ಲಿ ಮಕ್ಕಳನ್ನ ಮನೆಗೆ ಯಾರೇ ಕರ್ಕೊಂಡ್ ಬರ್ತಾರೆ?" ಅಂದಳು.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಪ್ರಾಮ್ ಇದ್ದದ್ದು ಕೊಲ್ಲಿಯ ಆಚೆ, ಸ್ಯಾನ್ ಫ್ರಾನ್ಸಿಸ್ಕೊದ ಸಭಾಂಗಣವೊಂದರಲ್ಲಿ. ಮಗಳ ಗುಂಪಿನಲ್ಲಿ ಹದಿನಾಲ್ಕು ಮಕ್ಕಳು. ಅರ್ಧಕ್ಕರ್ಧ ಮಕ್ಕಳ ಹತ್ತಿರ ಲೈಸೆನ್ಸ್ ಇತ್ತು, ನಿಜ. ಆದರೆ ಕ್ಯಾಲಿಫೋರ್ನಿಯಾದಲ್ಲಿ 18 ತುಂಬದವರಿಗೆ ಕೊಡುವುದು ಷರತ್ತಿನ ಲೈಸೆನ್ಸ್. ಮೊದಲ 12 ತಿಂಗಳು ರಾತ್ರಿ 11ರಿಂದ ಬೆಳಗಿನ 5ರವರೆಗೆ ಓಡಿಸುವಂತಿಲ್ಲ, 20 ವರ್ಷದೊಳಗಿನವರನ್ನು ಕೂರಿಸಿಕೊಳ್ಳುವಂತಿಲ್ಲ. ಪಕ್ಕದಲ್ಲಿ ಲೈಸೆನ್ಸ್ ಇರುವ ಅಪ್ಪ ಅಮ್ಮನೋ 25 ತುಂಬಿದ ದೊಡ್ಡವರೋ ಇದ್ದರೆ ಮಾತ್ರ ಸರಿ. ಪ್ರಾಮ್ ಮುಗಿಯುವುದೇ ಹನ್ನೊಂದರ ಹೊತ್ತಿಗೆ. ಇನ್ನು ಊಬರ್. 2023ರಿಂದ ಅಲ್ಲಲ್ಲಿ ಹದಿಹರೆಯದವರ ಖಾತೆ ಬಂದಿದೆ, ಅಪ್ಪ ಅಮ್ಮನ ಖಾತೆಗೆ ಜೋಡಿಸಿಕೊಂಡು. ಆದರೆ ಹದಿನಾಲ್ಕು ಮಕ್ಕಳನ್ನು ನಡುರಾತ್ರಿ ನಾಲ್ಕು ಕಾರುಗಳಲ್ಲಿ ಹಂಚಿ, ಫೋನು ಹಿಡಿದು ನಾಲ್ಕು ಚುಕ್ಕೆಗಳನ್ನು ನೋಡುತ್ತ ಕೂರುವುದು ನನ್ನ ಕೈಲಾಗದ ಕೆಲಸ. ಹಾಗಾಗಿ ಡ್ರೈವರ್ ಸಮೇತ ಒಂದೇ ಗಾಡಿ ಎಂದು ತೀರ್ಮಾನವಾಯಿತು.

ಯಾವ ಗಾಡಿ ಎನ್ನುವುದರ ಮೇಲೆ ಮನೆಯಲ್ಲಿ ಜಗಳ. ಮಕ್ಕಳಿಗೆ ಬೇಕಾಗಿದ್ದು ಪಾರ್ಟಿ ಬಸ್. ಒಳಗೆ ಗೋಡೆಗುಂಟ ಸೋಫಾ, ಬಣ್ಣಬಣ್ಣದ ದೀಪ, ನಡುವೆ ಹಿಡಿದು ಕುಣಿಯಲು ಒಂದು ಕಂಬ. ನಾನು ಹೋಗಿ ನೋಡಿದ ಪಾರ್ಟಿ ಬಸ್ಸುಗಳಲ್ಲಿ ಸೀಟ್ ಬೆಲ್ಟ್ ಇರಲಿಲ್ಲ, ಇದ್ದರೂ ಅಡ್ಡಡ್ಡ ಕೂತವರ ಸೊಂಟಕ್ಕೆ ಒಂದು ಪಟ್ಟಿ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಎದ್ದು ನಿಂತು ಕುಣಿಯಲೆಂದೇ ಮಾಡಿದ ಬಸ್ಸಿಗೆ ನಾನು ಮುಂಗಡ ಕೊಡುವುದಿಲ್ಲ ಎಂದೆ.

ಹಾಗಾದರೆ ಉದ್ದನೆಯ ಲಿಮೊ? ಅದಕ್ಕೂ ಮನಸ್ಸು ಒಪ್ಪಲಿಲ್ಲ. ಆ ಲಿಮೊಗಳೆಲ್ಲ ಮಾಮೂಲಿ ಕಾರನ್ನು ನಡುವೆ ಕತ್ತರಿಸಿ, ಉದ್ದ ಮಾಡಿ, ಬೆಸೆದವು. 2013ರ ಮೇ 4ರ ರಾತ್ರಿ ನಮ್ಮ ಪಕ್ಕದ ಸ್ಯಾನ್ ಮಟಿಯೊ–ಹೇವರ್ಡ್ ಸೇತುವೆಯ ಮೇಲೆ ಅಂಥದೊಂದು ಲಿಮೊ ಹೊತ್ತಿಕೊಂಡಿತು. ಒಳಗಿದ್ದ ಒಂಬತ್ತು ಹೆಂಗಸರಲ್ಲಿ ಐವರು ಹೊರಬರಲಾಗದೆ ಸತ್ತರು, ಹೊಸದಾಗಿ ಮದುವೆಯಾದವಳೂ ಸೇರಿ. ಗಾಡಿಗೆ ಪರವಾನಗಿ ಇದ್ದದ್ದು ಎಂಟು ಜನಕ್ಕೆ. ಉಳಿದ ನಾಲ್ವರು ಡ್ರೈವರ್ ಬೆನ್ನ ಹಿಂದಿನ ಸಣ್ಣ ಕಿಂಡಿಯಲ್ಲಿ ನುಸುಳಿ ಬಂದರು. ಇಂಥ ಗಾಡಿಗಳಿಗೆ ಹಿಂದೆ ಎರಡು ಬಾಗಿಲು, ಹೊರಕ್ಕೆ ತಳ್ಳಿ ತೆರೆಯುವ ಕಿಟಕಿ ಇರಬೇಕೆಂದು ಕ್ಯಾಲಿಫೋರ್ನಿಯಾ ಕಾನೂನು ಮಾಡಿದ್ದು ಆಮೇಲೆ. 2018ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೊಹೇರಿಯಲ್ಲಿ ಹುಟ್ಟುಹಬ್ಬಕ್ಕೆ ಹೊರಟ ಲಿಮೊ ಬ್ರೇಕ್ ಹಿಡಿಯದೆ ಇಳಿಜಾರಿನಲ್ಲಿ ನುಗ್ಗಿ 20 ಜನ ಸತ್ತರು. ಆ ಗಾಡಿ ತಪಾಸಣೆಯಲ್ಲಿ ಫೇಲಾಗಿತ್ತು, ಡ್ರೈವರ್ ಹತ್ತಿರ ಆ ಗಾಡಿಗೆ ಬೇಕಾದ ಲೈಸೆನ್ಸೇ ಇರಲಿಲ್ಲ. ಈ ಎರಡನ್ನೂ ಓದಿದ ಮೇಲೆ ನನಗೆ ಬೇಕಾದ ಗಾಡಿ ಗೊತ್ತಾಯಿತು: ಎಲ್ಲ ಸೀಟೂ ಮುಂದಕ್ಕೆ ಮುಖ ಮಾಡಿರುವ, ಪ್ರತಿ ಸೀಟಿಗೂ ಬೆಲ್ಟ್ ಇರುವ, ಇಪ್ಪತ್ತು ಚಿಲ್ಲರೆ ಸೀಟಿನ ಮಿನಿ ಕೋಚ್.

"ಅಮ್ಮಾ, ಇದು ಏರ್‌ಪೋರ್ಟ್ ಶಟಲ್ ಥರ ಇದೆ!" ಮಗಳು ಫೋಟೊ ನೋಡಿ ಮುಖ ಊದಿಸಿಕೊಂಡಳು. ಬ್ಯಾಟರಿ ದೀಪದ ಸರ, ಬ್ಲೂಟೂತ್ ಸ್ಪೀಕರ್ ನೀವೇ ತಂದು ಸಿಂಗರಿಸಿಕೊಳ್ಳಿ ಎಂದೆ. ನಮ್ಮೂರಲ್ಲಿ ದಿಬ್ಬಣದ ಬಸ್ಸಿಗೆ ಬಾಳೆಕಂದು ಕಟ್ಟುವುದಿಲ್ಲವೇ, ಹಾಗೆ. 2018ರ ಜುಲೈನಿಂದ ಈ ರಾಜ್ಯದಲ್ಲಿ ಬಸ್ಸಿನಲ್ಲಿ ಬೆಲ್ಟ್ ಇದ್ದರೆ ಪ್ರಯಾಣಿಕರು ಹಾಕಿಕೊಳ್ಳಲೇಬೇಕು, ಡ್ರೈವರ್ ಅದನ್ನು ಹೇಳಬೇಕು, ಇಲ್ಲವೇ ಬಸ್ಸಿನಲ್ಲಿ ಬರೆದು ಹಾಕಿರಬೇಕು. ಕಾನೂನಿನ ಮೇಲೆ ಹಾಕಿದ್ದರಿಂದ ನನ್ನ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು.

ಕಂಪನಿ ಹುಡುಕುವಾಗ ವೆಬ್‌ಸೈಟಿನ ಫೋಟೊಗಳನ್ನು ನಾನು ನಂಬಲಿಲ್ಲ. ಇಲ್ಲಿ ಹೀಗೆ ಬಾಡಿಗೆ ಓಡಿಸುವವರಿಗೆ ಕ್ಯಾಲಿಫೋರ್ನಿಯಾ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ ಪರ್ಮಿಟ್ ಕೊಡುತ್ತದೆ. ಆ ಪರ್ಮಿಟ್ಟಿನ ನಂಬರ್, ಟಿಸಿಪಿ ನಂಬರ್ ಅನ್ನುತ್ತಾರೆ, ಗಾಡಿಯ ಮೇಲೂ ಇರಬೇಕು. ಫೋನ್ ಮಾಡಿದ ತಕ್ಷಣ ದರ ಕೇಳುವ ಮೊದಲು ಆ ನಂಬರ್ ಕೇಳುತ್ತಿದ್ದೆ. ಒಂದು ಕಂಪನಿಯವರು ಕೊಟ್ಟ ನಂಬರನ್ನು ಕಮಿಷನ್ನಿನ ಜಾಲತಾಣದಲ್ಲಿ ಹಾಕಿದರೆ ಪರ್ಮಿಟ್ ಅಮಾನತು ಎಂದು ಬಂತು. ಇನ್ನೊಬ್ಬರು "ತಲೆಗೆ ಇಷ್ಟು" ಎಂದು ದರ ಹೇಳಿದರು. ಇಂಥ ಗಾಡಿಗಳು ಸಮಯ ಇಲ್ಲವೇ ಮೈಲಿಯ ಲೆಕ್ಕದಲ್ಲೇ ಹಣ ಪಡೆಯಬೇಕೆಂಬುದು ನಿಯಮ. ಅಷ್ಟೂ ಗೊತ್ತಿಲ್ಲದವರ ಹತ್ತಿರ ಬ್ರೇಕಿನ ಬಗ್ಗೆ ಏನು ಮಾತಾಡುವುದು?

ವಿಮೆಯ ಪತ್ರ ಕಳಿಸಿ ಎಂದು ಕೇಳಲು ಸಂಕೋಚಪಡಬಾರದು. ಸೀಟು ಹೆಚ್ಚಿದಂತೆ ಇಲ್ಲಿ ಕನಿಷ್ಠ ವಿಮೆಯೂ ಏರುತ್ತದೆ: 7 ಜನರವರೆಗಿನ ಗಾಡಿಗೆ ಏಳೂವರೆ ಲಕ್ಷ ಡಾಲರ್, 8ರಿಂದ 15ಕ್ಕೆ 15 ಲಕ್ಷ, 16 ಇಲ್ಲವೇ ಅದಕ್ಕಿಂತ ಹೆಚ್ಚಾದರೆ 50 ಲಕ್ಷ. ಡ್ರೈವರನ್ನೂ ಸೇರಿಸಿ ಹತ್ತಕ್ಕಿಂತ ಹೆಚ್ಚು ಜನ ಕೂರುವ ಬಾಡಿಗೆ ಗಾಡಿ ಇಲ್ಲಿ ಬಸ್ಸು ಎನಿಸಿಕೊಳ್ಳುತ್ತದೆ. ಅದನ್ನು ಓಡಿಸಲು ಪ್ರಯಾಣಿಕರನ್ನು ಒಯ್ಯುವ ಅನುಮತಿಯಿರುವ ಕಮರ್ಷಿಯಲ್ ಲೈಸೆನ್ಸ್ ಬೇಕು.

ಎರಡು ಪ್ರಶ್ನೆ ಮಾತ್ರ ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ, ಈ ದಂಧೆಯಲ್ಲಿರುವ ಪರಿಚಯದವರು ಹೇಳಿಕೊಟ್ಟರು. ಒಂದು, "ಗಾಡಿ ನಿಮ್ಮದೇನಾ?" ಮೇ ತಿಂಗಳ ಶನಿವಾರ ಎಂದರೆ ಮದುವೆ, ಪ್ರಾಮ್ ಎಲ್ಲ ಒಟ್ಟಿಗೆ. ತಮ್ಮ ಗಾಡಿ ಖಾಲಿ ಇಲ್ಲದಾಗ ಕಂಪನಿಗಳು ಬುಕಿಂಗನ್ನು ಬೇರೆಯವರಿಗೆ ದಾಟಿಸುತ್ತವೆ. ನೀವು ಪರೀಕ್ಷಿಸಿದ್ದು ಒಬ್ಬರನ್ನು, ಬಾಗಿಲಿಗೆ ಬರುವುದು ಇನ್ನೊಬ್ಬರು. ನನ್ನನ್ನು ಕೇಳದೆ ದಾಟಿಸುವಂತಿಲ್ಲ ಎಂದು ಕರಾರಿನಲ್ಲಿ ಬರೆಸಿದೆ. ಎರಡನೆಯದು, "ಡ್ರೈವರ್ ಆ ದಿನ ಬೆಳಿಗ್ಗೆ ಏನು ಮಾಡ್ತಿರ್ತಾರೆ?" ಬೆಳಿಗ್ಗೆ ದ್ರಾಕ್ಷಿತೋಟಗಳ ನಾಪಾದಲ್ಲಿ ಮದುವೆಯವರನ್ನು ಸುತ್ತಿಸಿ ಬಂದವರು ರಾತ್ರಿ ಒಂದು ಗಂಟೆಗೆ ನಮ್ಮ ಮಕ್ಕಳನ್ನು ಸೇತುವೆ ದಾಟಿಸುವುದು ನನಗೆ ಬೇಡವಾಗಿತ್ತು. ಮಧ್ಯಾಹ್ನ ಕೆಲಸ ಶುರು ಮಾಡುವವರನ್ನೇ ಕಳಿಸುತ್ತೇವೆ ಎಂದು ಒಪ್ಪಿದ ಕಂಪನಿಗೇ ಕೊಟ್ಟೆ. ಅವರು ಎಲ್ಲರಿಗಿಂತ ಕಡಿಮೆ ದರದವರೇನೂ ಆಗಿರಲಿಲ್ಲ.

ಬಿಟ್ಟು ಹೋಗಿ ಮತ್ತೆ ಬಂದು ಕರೆದುಕೊಂಡು ಬಂದರೆ ಅಗ್ಗವಾಗುತ್ತಿತ್ತು. ಆದರೆ ನಾನು ಇಡೀ ಹೊತ್ತು ಕಾಯುವುದಕ್ಕೇ ಹಣ ಕೊಟ್ಟೆ. ಒಂಬತ್ತು ಗಂಟೆಗೆ ಯಾರಿಗಾದರೂ ಹೊಟ್ಟೆ ಕೆಟ್ಟರೆ, ಮನಸ್ಸು ಕೆಟ್ಟರೆ (ಪ್ರಾಮಿನಲ್ಲಿ ಇದೇ ಹೆಚ್ಚು), ಹೋಗಿ ಕೂರಲು ಪರಿಚಿತ ಗಾಡಿಯೊಂದು ಹೊರಗಿರಬೇಕು.

ಮದ್ಯದ ಮಾತಿಗೆ ಬರುತ್ತೇನೆ. ಈ ದೇಶದಲ್ಲಿ ಕುಡಿಯುವ ವಯಸ್ಸು 21. 2010ರಲ್ಲಿ ಸ್ಯಾನ್ ಮಟಿಯೊ ಕಡೆಯ ಹತ್ತೊಂಬತ್ತರ ಹುಡುಗನೊಬ್ಬ ಪಾರ್ಟಿ ಬಸ್ಸಿನಲ್ಲಿ ಕುಡಿದು, ಬಸ್ಸಿನಿಂದ ಸುರಕ್ಷಿತವಾಗಿಯೇ ಇಳಿದು, ಆಮೇಲೆ ತನ್ನ ಕಾರು ಓಡಿಸಿಕೊಂಡು ಹೋಗುವಾಗ ಅಪಘಾತದಲ್ಲಿ ತೀರಿಕೊಂಡ. ಅದರ ನಂತರ ಬಂದ, 2013ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ 21ರೊಳಗಿನವರು ಇರುತ್ತಾರೆಯೇ, ಮದ್ಯ ಇರುತ್ತದೆಯೇ ಎಂದು ಕಂಪನಿ ಮೊದಲೇ ಕೇಳಬೇಕು. ಎರಡೂ ಇದ್ದರೆ 25 ತುಂಬಿದವರೊಬ್ಬರು ಜೊತೆಗಿರಬೇಕು. ಚಿಕ್ಕವರು ಕುಡಿದದ್ದು ಕಂಡರೆ ಡ್ರೈವರ್ ಪ್ರಯಾಣ ನಿಲ್ಲಿಸಿ ಹೊರಟಲ್ಲಿಗೇ ವಾಪಸ್ ಕರೆತರಬೇಕು. ಆದರೆ ನನ್ನನ್ನು ಕಾಡಿದ್ದು ಆ ಹುಡುಗನ ಕಾರು. ಬಸ್ಸು ತನ್ನ ಕೆಲಸ ಮುಗಿಸಿತ್ತು. ಅಪಾಯ ಕಾಯುತ್ತಿದ್ದದ್ದು ಅವನು ಕಾರು ನಿಲ್ಲಿಸಿದ್ದ ಜಾಗದಲ್ಲಿ.

ಅದಕ್ಕೇ ನಮ್ಮ ಗುಂಪಿಗೆ ನಾನು ಇಟ್ಟ ಒಂದೇ ಕಟ್ಟುನಿಟ್ಟು: ಹೊರಡುವುದೂ ವಾಪಸಾಗುವುದೂ ನಮ್ಮ ಮನೆಗೆ, ಯಾವ ಮಗುವೂ ತನ್ನ ಕಾರು ತಂದು ನಮ್ಮ ಬೀದಿಯಲ್ಲಿ ನಿಲ್ಲಿಸುವಂತಿಲ್ಲ. ಬಿಡುವುದಕ್ಕೂ ಕರೆದೊಯ್ಯುವುದಕ್ಕೂ ದೊಡ್ಡವರೇ ಬರಬೇಕು. ಮೈಸೂರಿನವರೇ ಒಬ್ಬರು ತಂದೆಗೆ ಇದು ಅವಮಾನ ಅನ್ನಿಸಿತು.

"ಮೇಡಂ, ನಮ್ಮ ಹುಡುಗ ಅಂಥವನಲ್ಲ."

"ಕುಡೀತಾನೆ ಅಂತ ಹೇಳ್ತಿಲ್ಲ ಸಾರ್. ರಾತ್ರಿ ಒಂದು ಗಂಟೆಗೆ ನಿದ್ದೆಗಣ್ಣಲ್ಲಿ ಸ್ಟಿಯರಿಂಗ್ ಹಿಡೀತಾನೆ ಅಂತ."

ಫೋನಿನ ಆಚೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಆಯ್ತು, ನಾನೇ ಬರ್ತೀನಿ" ಎಂದರು. ಬಂದರು ಕೂಡ, ಪೈಜಾಮದಲ್ಲಿ.

ಬಸ್ಸಿನಲ್ಲಿ ಅಪ್ಪ ಅಮ್ಮಂದಿರು ಯಾರಾದರೂ ಕೂರಬೇಕೇ ಎಂಬ ಚರ್ಚೆಯೂ ನಡೆಯಿತು. ಮಗಳು ಅಳುವುದೊಂದು ಬಾಕಿ. ಬೇಡ ಎಂದೆ, ಒಳ್ಳೆಯ ಡ್ರೈವರ್ ಇದ್ದರೆ ಗಾಡಿಯಲ್ಲಿ ದೊಡ್ಡವರೊಬ್ಬರು ಇದ್ದೇ ಇದ್ದಾರೆ. ಅದರ ಬದಲು ನಿಲ್ಲುವ ಜಾಗಗಳನ್ನೆಲ್ಲ ಕರಾರಿನಲ್ಲೇ ಬರೆಸಿ, ಬದಲಾವಣೆ ಏನಿದ್ದರೂ ನಾನು ಇಲ್ಲವೇ ನಮ್ಮ ಯಜಮಾನರು ಫೋನಿನಲ್ಲಿ ಒಪ್ಪಿದರೆ ಮಾತ್ರ ಎಂದು ಸೇರಿಸಿದೆ. ಮನೆಯಿಂದ ಬಾಟಲಿ ತರುವಂತಿಲ್ಲ, ಸೀಲ್ ಒಡೆಯದ ನೀರು ನಾನೇ ಇಡುತ್ತೇನೆ ಎಂದು ಎಲ್ಲ ಮನೆಗೂ ಹೇಳಿದೆ.

ದುಡ್ಡಿನ ವಿಷಯ. ಹೇಳಿದ ದರಕ್ಕೂ ಬಿಲ್ಲಿಗೂ ವ್ಯತ್ಯಾಸವಿರುತ್ತದೆ. ಕೆಲವರು ಗಾಡಿ ಅವರ ಗ್ಯಾರೇಜ್ ಬಿಟ್ಟಾಗಿನಿಂದ ವಾಪಸ್ ಸೇರುವವರೆಗೂ ಗಂಟೆ ಎಣಿಸುತ್ತಾರೆ. ಪ್ರಾಮ್ ದಿನಕ್ಕೆ ಕನಿಷ್ಠ ಇಷ್ಟು ಗಂಟೆ ಎಂಬ ಷರತ್ತಿರುತ್ತದೆ. ಟಿಪ್ಸ್ ಮೊದಲೇ ಸೇರಿಸಿರುತ್ತಾರೆ, ನೋಡದೆ ಮತ್ತೆ ಕೊಡುವವರಿದ್ದಾರೆ. ಯಾರಾದರೂ ವಾಂತಿ ಮಾಡಿಕೊಂಡರೆ ತೊಳೆಯುವ ಖರ್ಚು ಬೇರೆ. ಎಲ್ಲ ಕೂಡಿಸಿ ಹದಿನಾಲ್ಕರಿಂದ ಭಾಗಿಸಿ ಪ್ರತಿ ಮನೆಯಿಂದ ಮುಂಚೆಯೇ ವಸೂಲು ಮಾಡಿದೆ. ಮಕ್ಕಳ ಗ್ರೂಪಿನಲ್ಲಿ ಲೆಕ್ಕ ಹಾಕಲಿಲ್ಲ, ಅಮ್ಮಂದಿರಿಗೆ ಒಬ್ಬೊಬ್ಬರಿಗೇ ಹೇಳಿದೆ. ಒಂದು ಮನೆಗೆ ಆ ತಿಂಗಳು ಕಷ್ಟವಿತ್ತು. ಅವರ ಪಾಲನ್ನು ನಾವು ಇಬ್ಬರು ಹಂಚಿಕೊಂಡದ್ದು ಮಕ್ಕಳಿಗೆ ಇವತ್ತಿಗೂ ಗೊತ್ತಿಲ್ಲ.

ಆ ದಿನ ಗಾಡಿ ಹೊತ್ತಿಗೆ ಸರಿಯಾಗಿ ಬಂತು. ಪಂಜಾಬಿನ ಹಿರಿಯರೊಬ್ಬರು ಡ್ರೈವರ್. ಬಂಪರಿನ ನಂಬರನ್ನು ನಮ್ಮ ಕರಾರಿನ ಜೊತೆ ಹೋಲಿಸಿದೆ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ ಕೇಳಿದೆ. ಅವರು ನಗುತ್ತಲೇ ಮಕ್ಕಳನ್ನು ಕರೆದು ತುರ್ತು ಕಿಟಕಿ ತೆರೆಯುವುದು ಹೇಗೆಂದು ತೋರಿಸಿಕೊಟ್ಟರು. ರಾತ್ರಿ ಹನ್ನೊಂದೂವರೆಗೆ ಅವರದೇ ಫೋನು, ಹಿಂದಿಯಲ್ಲಿ: "ಮಕ್ಕಳಿಗೆ ಬರ್ಗರ್ ಬೇಕಂತೆ, ಪಟ್ಟಿಯಲ್ಲಿ ಇಲ್ಲವಲ್ಲ, ನಿಲ್ಲಿಸಲಾ?" ಹಿಂದಿನಿಂದ "ಆಂಟೀ, ಪ್ಲೀಸ್!" ಎಂಬ ಕೂಗು. ದಾರಿಯಲ್ಲೇ ಸಿಗುವ ಅಂಗಡಿ, ಒಪ್ಪಿದೆ. ಅದಕ್ಕೆ ಅರ್ಧ ಗಂಟೆಯ ಬಾಡಿಗೆ ಹೆಚ್ಚಾಯಿತು. ಮಕ್ಕಳು ಹಸಿದು ಬರುತ್ತಾರೆಂದು ನಾನು ಕಲಸಿಟ್ಟ ಚಿತ್ರಾನ್ನವನ್ನು ಕರೆದೊಯ್ಯಲು ಬಂದಿದ್ದ ಅಪ್ಪಂದಿರು ತಿಂದರು.

ಕೆಲವು ಶಾಲೆಗಳು ಈಗ ತಾವೇ ಬಸ್ಸು ಮಾಡಿ, ಶಾಲೆಯ ಆವರಣದಿಂದಲೇ ಎಲ್ಲರನ್ನೂ ಕರೆದೊಯ್ದು ಕರೆತರುತ್ತವೆ. ಟಿಕೆಟ್ಟಿನಲ್ಲೇ ಬಸ್ಸಿನ ಹಣವೂ ಸೇರಿರುತ್ತದೆ. ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ ಈ ಮಾತು ಎತ್ತಿದ್ದೇನೆ. ಟಿಕೆಟ್ ಬೆಲೆ ಏರುತ್ತದೆಂದು ಕೆಲವರ ತಕರಾರು, ಮಕ್ಕಳು ಒಪ್ಪುವುದಿಲ್ಲವೆಂದು ಕೆಲವರದು. ಮಗನ ಪ್ರಾಮ್‌ಗೆ ಇನ್ನೂ ಎರಡು ವರ್ಷ ಇದೆ. ಅಷ್ಟರೊಳಗೆ ಆಗದಿದ್ದರೆ ಜನವರಿಯಲ್ಲೇ ಆ ಮಿನಿ ಕೋಚಿಗೆ ಫೋನ್ ಮಾಡುತ್ತೇನೆ, ಮತ್ತೆ ಟಿಸಿಪಿ ನಂಬರಿನಿಂದಲೇ ಶುರು.