ಅಟ್ಟದಲ್ಲಿ ಮೂಕಿ ಚಿತ್ರದ ರೀಲು ಸಿಕ್ಕರೆ

ತುಮಕೂರು, ತಿಪಟೂರು, ಶಿರಾ ಕಡೆ ಹಿಂದೆ ಟೂರಿಂಗ್ ಟಾಕೀಸ್ ನಡೆಸಿದವರ ಮನೆಯಲ್ಲಿ ತುಕ್ಕು ಹಿಡಿದ ರೀಲು ಡಬ್ಬಿ ಕಂಡರೆ ಗುಜರಿಗೆ ಹಾಕಬೇಡಿ. ಪ್ರೊಜೆಕ್ಟರಿಗಂತೂ ಏರಿಸಲೇಬೇಡಿ, ಹಳೇ ಫಿಲ್ಮು ಕುಗ್ಗಿರುತ್ತದೆ, ತೂತುಗಳು ಹಲ್ಲುಚಕ್ರಕ್ಕೆ ಕೂರದೆ ಹರಿದುಹೋಗುತ್ತವೆ.

ಬೆಳಗಿನ ತಂಪಿನಲ್ಲಿ ಡಬ್ಬಿಯನ್ನು ಜಗುಲಿಗೆ ತಂದು ಮುಚ್ಚಳ ತೆಗೆಯಿರಿ. ಒಲೆ, ದೀಪ, ಬೀಡಿ ಹತ್ತಿರ ಸುಳಿಯಬಾರದು. ವಿನೆಗರ್ ವಾಸನೆ ಬಂದರೆ ಅಸಿಟೇಟ್, ಅಂದರೆ ಸುಲಭವಾಗಿ ಹೊತ್ತಿಕೊಳ್ಳದ ಸೇಫ್ಟಿ ಫಿಲ್ಮು. ಒಗೆಯದ ಕಾಲುಚೀಲದಂಥ ಘಾಟು ಬಂದರೆ ನೈಟ್ರೇಟ್, ಅಂದರೆ ಬೇಗ ಹೊತ್ತಿಕೊಳ್ಳುವ ಹಳೇ ಬಗೆಯ ಫಿಲ್ಮು ಎಂದೇ ತಿಳಿಯಿರಿ. ವಾಸನೆ ಇಲ್ಲದಿದ್ದರೂ ಧೈರ್ಯ ಬೇಡ, ಚೆನ್ನಾಗಿರುವ ನೈಟ್ರೇಟ್ ನಾರುವುದಿಲ್ಲ. ತುಂಡು ಕತ್ತರಿಸಿ ಕಡ್ಡಿ ಗೀರಿ ನೋಡುವುದು ಬೇಡವೇ ಬೇಡ: ನೈಟ್ರೇಟ್ ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಕೊಡುತ್ತದೆ, ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. ಕೊಳೆತ ರೀಲು 41 ಡಿಗ್ರಿ ಬಿಸಿಯಲ್ಲಿ ಬಹಳ ದಿನ ಇದ್ದರೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಏಪ್ರಿಲ್‌ನಲ್ಲಿ ಶೀಟಿನ ಮನೆಯ ಅಟ್ಟಕ್ಕೆ ಅಷ್ಟು ಬಿಸಿ ಹೆಚ್ಚಲ್ಲ.

ಚಿತ್ರ ಮಾಸಿ ಕಂದಿದ್ದರೆ ನಕಲು ತೆಗೆಯಲು ಇನ್ನೂ ಸಮಯವಿದೆ. ಸುರುಳಿಗಳು ಅಂಟಿಕೊಂಡು ಜೇನಿನಂಥ ನೊರೆ ಬಂದಿದ್ದರೆ, ಅಥವಾ ಕಂದು ಪುಡಿ ಉದುರಿದರೆ, ಬಿಚ್ಚದೆ ಅಗ್ನಿಶಾಮಕ ಠಾಣೆಗೆ ತಿಳಿಸಿ.

ಫಿಲ್ಮು ಕೊಳೆಯದೆ ಸುಸ್ಥಿತಿಯಲ್ಲಿದ್ದರೆ ಹತ್ತಿಯ ಕೈಗವಸು ಹಾಕಿಕೊಂಡು ಎರಡು ಮೂರು ಅಡಿ ಮಾತ್ರ ಬಿಚ್ಚಿ, ಕಿಟಕಿ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಚಿತ್ರ ಎರಡೂ ಬದಿಯ ತೂತುಗಳವರೆಗೆ ತುಂಬಿದ್ದು, ಪಕ್ಕದಲ್ಲಿ ಧ್ವನಿಪಟ್ಟಿ ಇಲ್ಲದಿದ್ದರೆ ಮೂಕಿ ಇರಬಹುದು. ಅಂಚಿನಲ್ಲಿ ಕೊಡಾಕ್ ಒತ್ತಿದ ವೃತ್ತ, ಚೌಕ, ತ್ರಿಕೋನಗಳು ಫಿಲ್ಮು ತಯಾರಾದ ವರ್ಷದ ಗುರುತು. ಇಪ್ಪತ್ತು ವರ್ಷಕ್ಕೊಮ್ಮೆ ಮರುಕಳಿಸುವುದರಿಂದ 1927 ಮತ್ತು 1947ಕ್ಕೆ ಒಂದೇ ಗುರುತು. 35 ಎಂ.ಎಂ.ನಲ್ಲಿ ಅಡಿಗೆ 16 ಚಿತ್ರ. ಸಾವಿರ ಅಡಿಯ ರೀಲು ಸೆಕೆಂಡಿಗೆ 18ರಂತೆ ಓಡಿದರೆ ಹೆಚ್ಚುಕಡಿಮೆ 15 ನಿಮಿಷ. ಸಣ್ಣ ಹಾಸ್ಯಚಿತ್ರಗಳು ಸಾಮಾನ್ಯವಾಗಿ ಎರಡು ರೀಲಿನವು. ದೃಶ್ಯಗಳ ನಡುವೆ ಮಾತನ್ನು ಬರೆದು ತೋರಿಸುವ ಟೈಟಲ್ ಕಾರ್ಡ್ ಕಂಡರೆ ಅದರ ಮೂಲೆಯ ಕಂಪನಿ ಮುದ್ರೆ ಸಮೇತ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಗುರುತಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಒಬ್ಬ ದಪ್ಪ, ಒಬ್ಬ ಸಣಕಲ, ಬಟ್ಟೆ ಒಗೆಯುವ ಯಂತ್ರ ಹೊತ್ತು ಉದ್ದನೆಯ ಮೆಟ್ಟಿಲು ಹತ್ತುತ್ತಿದ್ದರೆ ಉಸಿರು ಬಿಗಿಹಿಡಿಯಿರಿ: ಲಾರೆಲ್ ಮತ್ತು ಹಾರ್ಡಿಯ 1927ರ ‘ಹ್ಯಾಟ್ಸ್ ಆಫ್’ ಹೀಗಿತ್ತು, ಅದರ ಒಂದು ಪ್ರತಿಯೂ ಉಳಿದಿರುವುದು ಗೊತ್ತಿಲ್ಲ. ನಮ್ಮ ಗುಬ್ಬಿ ವೀರಣ್ಣನವರೂ ಮೂಕಿ ಚಿತ್ರ ತೆಗೆಸಿದವರು. ಆ ಡಬ್ಬಿಯಾದರಂತೂ ಇನ್ನೂ ಸಂತೋಷ.

ರೀಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಬೇಡಿ, ಒಳಗಿನ ಆಮ್ಲದ ಹಬೆಯೇ ಅದನ್ನು ಕೊಳೆಸುತ್ತದೆ. ಜನ ಮಲಗದ, ಗಾಳಿಯಾಡುವ ತಂಪು ಕೋಣೆಯಲ್ಲಿಟ್ಟು, ಫೋಟೊಗಳೊಂದಿಗೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆಯಿರಿ. ಅವರು ಹೇಳುವ ತನಕ ಬಸ್ಸಿನ ಪಾರ್ಸೆಲ್‌ಗೂ ಕೊರಿಯರ್‌ಗೂ ಕೊಡಬೇಡಿ.