ಅನ್ನವಿಲ್ಲದ ಡಬ್ಬಿ: ಸಪ್ತಾಪುರದ ಖಾನಾವಳಿಯಲ್ಲಿ ನನ್ನ ಅನುಭವ

ಧಾರವಾಡದ ಸಪ್ತಾಪುರದಲ್ಲಿ ಖಾನಾವಳಿ ನಡೆಸುವವರಿಗೆ ನಮ್ಮ ಗಿರಾಕಿಗಳ ದಿನಚರಿಯನ್ನು ವಿವರಿಸಬೇಕಾಗಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದ ಹುಡುಗ ಹುಡುಗಿಯರು ಬೆಳಿಗ್ಗೆ ಏಳಕ್ಕೆ ವಾಚನಾಲಯದ ಕುರ್ಚಿ ಹಿಡಿದರೆ ಬಿಡುವುದು ರಾತ್ರಿ ಒಂಬತ್ತಕ್ಕೆ. ಊರಿನಿಂದ ಬರುವಾಗ ತೆಳ್ಳಗಿದ್ದವರಿಗೆ ಎರಡನೆಯ ವರ್ಷಕ್ಕೆ ಹೊಟ್ಟೆ ಬರುತ್ತದೆ. ಪೊಲೀಸ್ ನೇಮಕಾತಿಗೆ ಓದುವವರಾದರೆ ದೈಹಿಕ ಪರೀಕ್ಷೆಯ ಓಟವನ್ನು ನೆನೆದು ಗಾಬರಿಯಾಗುತ್ತಾರೆ. ಅಂಥವರಿಗಾಗಿ ಅನ್ನವಿಲ್ಲದ ಮಧ್ಯಾಹ್ನದ ಡಬ್ಬಿಯನ್ನು ನಾನು ಆರಂಭಿಸಿದಾಗ ನಮ್ಮ ಓಣಿಯ ಹಿರಿಯ ಖಾನಾವಳಿಯವರೊಬ್ಬರು, “ಅಕ್ಕಾರ, ಅನ್ನ ಬಿಟ್ಟ್ರ ಹುಡುಗ್ರು ಎಂಟು ದಿನಾನೂ ನಿಲ್ಲೂದಿಲ್ಲ ನೋಡ್ರಿ” ಎಂದಿದ್ದರು. ಎರಡು ವರ್ಷವಾಯಿತು. ಈಗ ದಿನಕ್ಕೆ ಅರವತ್ತರ ಆಸುಪಾಸು ಡಬ್ಬಿಗಳು ಹೋಗುತ್ತಿವೆ, ಹೆಸರು ಬರೆಸಿ ಕಾಯುವವರೂ ಇದ್ದಾರೆ. ರೊಟ್ಟಿ ಬಡಿಯುವುದು, ಕಾಳಿಗೆ ಮೊಳಕೆ ಬರಿಸುವುದು ಮುಂತಾದವನ್ನು ಇಲ್ಲಿ ಬರೆಯುವುದಿಲ್ಲ. ಈ ಕಸುಬಿನವರಿಗೆ ಅದನ್ನು ಹೇಳಿಕೊಡಲು ಹೋದರೆ ನಗುತ್ತಾರೆ.

ತೂಕ ಇಳಿಸುವ ಡಬ್ಬಿ ಎಂದರೆ ಅರ್ಧ ಡಬ್ಬಿ ಎಂದೇ ಮೊದಲು ಎಲ್ಲರೂ ತಿಳಿಯುತ್ತಾರೆ. ಹಳೆಯ ಡಬ್ಬಿಯಲ್ಲಿ ಎರಡು ಚಪಾತಿ, ಪಲ್ಯ, ತುಂಬ ಅನ್ನ, ಸಾರು ಇರುತ್ತಿತ್ತು; ಅದನ್ನೇ ಒಂದು ಚಪಾತಿ, ಒಂದು ಸೌಟು ಅನ್ನಕ್ಕೆ ಇಳಿಸಿ ಒಂದು ತಿಂಗಳು ಕೊಟ್ಟೆವು. ಯಾರ ತೂಕವೂ ಇಳಿಯಲಿಲ್ಲ. ನಮ್ಮ ಮನೆಯವರು ಖಾಲಿ ಡಬ್ಬಿ ತರಲು ಸಂಜೆ ಹೋದಾಗ ಅದೇ ಹುಡುಗರು ವಾಚನಾಲಯದ ಎದುರಿನ ಗಾಡಿಯ ಮುಂದೆ ಗಿರ್ಮಿಟ್ಟಿನ, ಅಂದರೆ ಮಸಾಲೆ ಮಂಡಕ್ಕಿಯ, ತಟ್ಟೆ ಹಿಡಿದು, ಜೊತೆಗೆ ಎರಡೆರಡು ಮಿರ್ಚಿ ಭಜಿ ತಿನ್ನುತ್ತ ನಿಂತಿರುತ್ತಿದ್ದರು. ಮಧ್ಯಾಹ್ನ ನಾವು ಉಳಿಸಿದ್ದನ್ನು ಅವರು ನಾಲ್ಕು ಗಂಟೆಗೆ ಬಡ್ಡಿ ಸಮೇತ ತಿಂದು ಮುಗಿಸುತ್ತಿದ್ದರು. ಡಬ್ಬಿಯ ಪರೀಕ್ಷೆ ಒಂದು ಗಂಟೆಗಲ್ಲ, ನಾಲ್ಕು ಗಂಟೆಗೆ ಎಂಬುದು ಅಲ್ಲಿ ಖಚಿತವಾಯಿತು, ಮುಂದೆ ಮಾಡಿದ್ದೆಲ್ಲವೂ ಆ ಒಂದು ಲೆಕ್ಕದ ಮೇಲೆಯೇ ನಿಂತಿದೆ.

ನಂತರ ಹಸಿ ತರಕಾರಿಯ ಡಬ್ಬಿ ಮಾಡಿದೆವು. ಸೌತೆಕಾಯಿ, ಗಜ್ಜರಿ, ಟೊಮೆಟೊ ಹೆಚ್ಚಿ, ಉಪ್ಪು ನಿಂಬೆರಸ ಬೆರೆಸಿ ಬೆಳಿಗ್ಗೆ ಎಂಟಕ್ಕೆ ತುಂಬಿದರೆ ಮಧ್ಯಾಹ್ನಕ್ಕೆ ಅರ್ಧ ಡಬ್ಬಿ ನೀರಾಗಿ, ಒಬ್ಬನ ನೋಟ್ಸಿನ ಮೇಲೆಲ್ಲ ಸೋರಿ, ಅವನು ತಿಂಗಳ ಹಣವನ್ನೇ ವಾಪಸು ಕೇಳಿದ. ಎಣ್ಣೆಯನ್ನೇ ಹಾಕದೆ ಬರೀ ಬೇಯಿಸಿದ ಹೆಸರುಕಾಳು ಕೊಟ್ಟ ವಾರದಲ್ಲಿ ಡಬ್ಬಿಗಳು ತುಂಬಿದಂತೆಯೇ ಮರಳಿ ಬಂದವು. ಒಂದು ಬಗೆಯ ಓಟ್ಸ್ ಉಪ್ಪಿಟ್ಟನ್ನೂ ಮಾಡಿ ನೋಡಿದೆ. ಆರಿದ ಮೇಲೆ ಅದು ಗೋಡೆಗೆ ಮೆತ್ತುವ ಅಂಟಿನಂತಾಗುತ್ತಿತ್ತು. ಈ ಪ್ರಯೋಗಗಳ ಮೊದಲ ಎರಡು ಮೂರು ತಿಂಗಳಲ್ಲಿ ಮೂವತ್ತೈದರಷ್ಟಿದ್ದ ಗಿರಾಕಿಗಳು ಹದಿನೈದು ಹದಿನಾರಕ್ಕೆ ಇಳಿದರು, ಕೈಯಿಂದ ಹತ್ತು ಹನ್ನೆರಡು ಸಾವಿರ ರೂಪಾಯಿ ಹೋಯಿತು.

ದಾರಿ ತೋರಿಸಿದ್ದು ಎಣ್ಣೆಯ ಡಬ್ಬ. ಒಂದು ದಿನ ಕುಳಿತು ಲೆಕ್ಕ ಹಾಕಿದಾಗ ಹಳೆಯ ಬಗೆಯ ನಲವತ್ತು ಡಬ್ಬಿಗಳ ಪಲ್ಯ, ಸಾರಿನ ಒಗ್ಗರಣೆ ಮತ್ತು ಚಪಾತಿಗೆ ಸೇರಿ ಸುಮಾರು ಒಂದೂವರೆ ಲೀಟರು ಎಣ್ಣೆ ಹೋಗುತ್ತಿತ್ತು. ಒಂದು ಗ್ರಾಂ ಎಣ್ಣೆಗೆ ಒಂಬತ್ತು ಕ್ಯಾಲೊರಿ. ಹಾಗೆ ನೋಡಿದರೆ ಒಂದೊಂದು ಡಬ್ಬಿಯಲ್ಲಿ ಬರೀ ಎಣ್ಣೆಯಿಂದಲೇ ಮುನ್ನೂರು ಕ್ಯಾಲೊರಿ ಕುಳಿತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ಎರಡು ಸಾವಿರ ಕ್ಯಾಲೊರಿಯ ಇಡೀ ದಿನದ ಊಟಕ್ಕೆ ಹೇಳುವ ಎಣ್ಣೆ 27 ಗ್ರಾಂ ಮಾತ್ರ, ನಾವು ಅದಕ್ಕಿಂತ ಹೆಚ್ಚನ್ನು ಒಂದೇ ಹೊತ್ತಿಗೆ ಕೊಡುತ್ತಿದ್ದೆವು. ಖಾನಾವಳಿಯ ಪಲ್ಯದ ಮೇಲೆ ಎಣ್ಣೆ ತೇಲಬೇಕು, ತೇಲದಿದ್ದರೆ ಜಿಪುಣರೆನ್ನುತ್ತಾರೆ ಎಂಬ ಹೆದರಿಕೆ ನಮ್ಮೆಲ್ಲರಿಗೂ ಇದೆ. ನಾನು ಎಣ್ಣೆಯ ಡಬ್ಬದಿಂದ ಸುರಿಯುವುದನ್ನು ನಿಲ್ಲಿಸಿ, ಅಳತೆಯ ಲೋಟದಲ್ಲಿ ಎತ್ತಿಟ್ಟಿದ್ದಷ್ಟೇ ಬೆಳಗಿನ ಅಡುಗೆಗೆ ಎಂದು ಗೊತ್ತುಮಾಡಿದೆ. ನಲವತ್ತು ಡಬ್ಬಿಗೆ ಮುನ್ನೂರು ಮಿಲಿ ಸಾಕಾಯಿತು. ಕಡಿಮೆಯಾದ ರುಚಿಯನ್ನು ತುಂಬಿಕೊಡುವುದು ಹುರಿದ ಗುರೆಳ್ಳಿನ ಪುಡಿ; ಒಲೆಯಿಂದ ಇಳಿಸಿದ ಮೇಲೆ ಅದನ್ನು ಉದುರಿಸಿದರೆ ಪಲ್ಯಕ್ಕೆ ಎಣ್ಣೆಯ ಕಳೆ ತಾನೇ ಬರುತ್ತದೆ. ಆ ಪುಡಿಯಲ್ಲಿ ಗುರೆಳ್ಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿಗಳ ಜೊತೆ ಇನ್ನೆರಡು ಸಾಮಾನುಗಳಿವೆ, ಅವನ್ನು ಹೇಳುವುದಿಲ್ಲ.

ಈಗಿನ ಡಬ್ಬಿ ಹೀಗಿದೆ. ತೆಳ್ಳಗೆ ಬಡಿದ ಎರಡು ಜೋಳದ ರೊಟ್ಟಿ, ಒಂದೊಂದಕ್ಕೆ ನಲವತ್ತು ಗ್ರಾಂ ಹಿಟ್ಟು. ಒಣ ತೂಕದಲ್ಲಿ ನಲವತ್ತು ಗ್ರಾಂ ಬರುವ ಮೊಳಕೆಯೊಡೆದ ಹೆಸರು ಅಥವಾ ಮಡಕಿ ಕಾಳಿನ ಪಲ್ಯ. ಒಂದು ದೊಡ್ಡ ಹಿಡಿ ಹಸಿ ತರಕಾರಿ, ಅದರಲ್ಲಿ ವಾರಕ್ಕೆ ಮೂರು ದಿನವಾದರೂ ಹಸಿ ಮೆಂತ್ಯ ಸೊಪ್ಪು ಮತ್ತು ಉಳ್ಳಾಗಡ್ಡಿಯ ಪಚಡಿ. ಒಂದು ಸಣ್ಣ ಡಬ್ಬಿ ಗಟ್ಟಿ ಮೊಸರು. ಒಂದೆರಡು ಚಮಚ ಶೇಂಗಾ ಚಟ್ನಿ ಪುಡಿ. ಎಲ್ಲ ಸೇರಿ ಆರುನೂರು ಚಿಲ್ಲರೆ ಕ್ಯಾಲೊರಿ, ಇಪ್ಪತ್ತು ಗ್ರಾಂ ದಾಟುವ ಪ್ರೋಟೀನು. ಇದರಲ್ಲಿ ಹೊಸದೇನೂ ಇಲ್ಲ, ಹೊಲಕ್ಕೆ ಕಟ್ಟಿಕೊಂಡು ಹೋಗುತ್ತಿದ್ದ ಬುತ್ತಿಯೇ ಇದು ಎನ್ನುವವರಿದ್ದಾರೆ. ಹೊಲದವರಿಗೆ ಐದು ರೊಟ್ಟಿ ಬೇಕಿತ್ತು, ಕುರ್ಚಿಯವರಿಗೆ ಎರಡು ಸಾಕು. ರೊಟ್ಟಿಯನ್ನು ಇಳಿಸಿ ಕಾಳನ್ನು ಏರಿಸಿದ್ದೇ ನನ್ನ ಕೆಲಸ. ಶೇಂಗಾ ಪುಡಿಯನ್ನು ಮಾತ್ರ ಅಳೆದೇ ಹಾಕಬೇಕು, ಏಕೆಂದರೆ ಶೇಂಗಾದ ಅರ್ಧದಷ್ಟು ತೂಕ ಎಣ್ಣೆಯೇ ಆಗಿದೆ. ಹುಡುಗರು ಕೇಳಿದಷ್ಟು ಕೊಟ್ಟರೆ ಎಣ್ಣೆಯ ಲೋಟ ಅಳೆದ ಶ್ರಮ ವ್ಯರ್ಥ.

ಹಸಿ ತರಕಾರಿಗೆ ಉಪ್ಪು ಹಾಕುವುದನ್ನೇ ಬಿಟ್ಟೆ. ಸೌತೆಕಾಯಿ ಮತ್ತು ಮೂಲಂಗಿಯನ್ನು ಉದ್ದ ಹೋಳುಗಳಾಗಿ ಕತ್ತರಿಸಿ, ಬಟ್ಟೆಯಲ್ಲಿ ಒರೆಸಿ, ಒಣಗಿದಂತೆಯೇ ತುಂಬುತ್ತೇವೆ. ಚಟ್ನಿ ಪುಡಿಯಲ್ಲಿರುವ ಉಪ್ಪೇ ಅವಕ್ಕೂ ಸಾಕು. ಕಾಳಿನ ಪಲ್ಯವನ್ನು ಅಗಲವಾದ ಪರಾತದಲ್ಲಿ ಹರಡಿ ಪೂರ್ತಿ ಆರಿಸದೆ ಮುಚ್ಚಳ ಹಾಕಬಾರದು. ಬಿಸಿಯಿರುವಾಗ ಮುಚ್ಚಿದರೆ ಮುಚ್ಚಳದ ಒಳಗೆ ಬೆವರಿದ ನೀರು ಹನಿಹನಿಯಾಗಿ ಬೀಳುತ್ತದೆ, ಏಪ್ರಿಲ್, ಮೇ ತಿಂಗಳಲ್ಲಿ ಅದು ಮಧ್ಯಾಹ್ನದೊಳಗೆ ಹುಳಿ ವಾಸನೆ ಹಿಡಿಯುತ್ತದೆ. ಮೊಳಕೆ ಕಾಳನ್ನು ಹಸಿಯಾಗಿ ಕೊಡಿರೆಂದು ಜಿಮ್ಮಿಗೆ ಹೋಗುವ ಹುಡುಗರು ಕೇಳುತ್ತಾರೆ, ಆ ಬಿಸಿಲಿನಲ್ಲಿ ಅಷ್ಟು ಹೊತ್ತು ಇಡುವ ಡಬ್ಬಿಗೆ ಹಸಿ ಕಾಳು ಬೇಡವೇ ಬೇಡ.

ರೊಟ್ಟಿಯದೇ ದೊಡ್ಡ ಹೋರಾಟ. ಒಣಗಿ ಗರಿಗರಿಯಾದ ಕಟಕ ರೊಟ್ಟಿಯಾದರೆ ಕೆಡುವ ಭಯವಿಲ್ಲ, ವಾರಕ್ಕೊಮ್ಮೆ ಬಡಿದಿಟ್ಟರೂ ಆಯಿತು ಎಂದು ಅದನ್ನೇ ಮೊದಲು ಕೊಟ್ಟೆವು. ಓದುವ ಕೋಣೆಯ ಪಕ್ಕದ ಪಡಸಾಲೆಯಲ್ಲಿ ಇಪ್ಪತ್ತು ಜನ ಒಟ್ಟಿಗೆ ಕಟಕ ರೊಟ್ಟಿ ಮುರಿಯತೊಡಗಿದಾಗ ಒಳಗೆ ಓದುತ್ತಿದ್ದವರು ಎದ್ದುಬಂದು ತಕರಾರು ಮಾಡಿದರಂತೆ. ಮೆತ್ತನೆಯ ರೊಟ್ಟಿಯಾದರೆ ಒಂದು ಗಂಟೆಯ ಹೊತ್ತಿಗೆ ತೊಗಲಿನ ಹಾಗೆ ಬಿಗಿಯುತ್ತದೆ. ಇದಕ್ಕೆ ಮೊದಲ ಉತ್ತರ ಜೋಳದಲ್ಲೇ ಇದೆ: ಮುಂಗಾರಿ ಹೈಬ್ರಿಡ್ ಜೋಳ ಕಿಲೋಗೆ ಹತ್ತು ಹದಿನೈದು ರೂಪಾಯಿ ಅಗ್ಗವೆಂದು ತಂದರೆ ಏನು ಮಾಡಿದರೂ ರೊಟ್ಟಿ ಸೀಳುತ್ತದೆ, ಹಿಂಗಾರಿಯ ಮಾಲದಂಡಿ ಬಿಳಿಜೋಳವೇ ಬೇಕು, ಹಿಟ್ಟು ನಾಲ್ಕೈದು ದಿನಕ್ಕಿಂತ ಹಳೆಯದಿರಬಾರದು. ನಾನು ನವಲಗುಂದದ ಕಡೆಯ ರೈತರೊಬ್ಬರಿಂದ ಸುಗ್ಗಿಯಲ್ಲೇ ಮೂಟೆಗಟ್ಟಲೆ ಕೊಂಡಿಡುತ್ತೇನೆ. ಬೆಂದ ರೊಟ್ಟಿಯನ್ನು ಬಿದಿರಿನ ಬುಟ್ಟಿಯಲ್ಲಿ ಹಬೆ ಹೋಗುವಷ್ಟು ಆರಿಸಿ, ನಾಲ್ಕು ಮಡಿಕೆ ಮಾಡಿ, ತೆಳು ಹತ್ತಿ ಬಟ್ಟೆಯಲ್ಲಿ ಸುತ್ತುವುದು ಎರಡನೆಯ ಉತ್ತರ. ಮೂರನೆಯದು ಹಿಟ್ಟು ನಾದುವ ನೀರಿಗೆ ಸಂಬಂಧಿಸಿದ್ದು, ಅದಷ್ಟು ನನ್ನ ಬಳಿಯೇ ಇರಲಿ. ಎರಡು ಗಂಟೆಗೂ ನಮ್ಮ ರೊಟ್ಟಿ ಬೆರಳಲ್ಲಿ ಹರಿಯುತ್ತದೆ, ಬೇಕಾದವರು ಬಂದು ನೋಡಬಹುದು.

ಮೊಸರನ್ನು ಬೆಳಿಗ್ಗೆ ಪಾತ್ರೆಯಿಂದ ತೋಡಿ ಹಾಕಿದರೆ ಊಟದ ಹೊತ್ತಿಗೆ ನೀರೊಡೆದು ಹುಳಿಯಾಗುತ್ತಿತ್ತು. ಬೆಳಿಗ್ಗೆಯೇ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ ಕಳಿಸಿದರೆ ಮಧ್ಯಾಹ್ನಕ್ಕೆ ಸರಿಯಾಗಿ ಹೆಪ್ಪಾಗುತ್ತದೆಂಬ ನನ್ನ ಜಾಣತನವನ್ನು ನಮ್ಮ ಮನೆಯವರ ಸ್ಕೂಟರು ಸೋಲಿಸಿತು. ಕುಲುಕಿದ ಹಾಲು ಹೆಪ್ಪಾಗದೆ ಎಳೆಎಳೆಯಾಗಿ ನಿಲ್ಲುತ್ತಿತ್ತು. ಈಗ ರಾತ್ರಿಯೇ ಸಣ್ಣ ಸ್ಟೀಲ್ ಡಬ್ಬಿಗಳಲ್ಲಿ ನೇರವಾಗಿ ಹೆಪ್ಪು ಹಾಕಿ, ನಸುಕಿನಲ್ಲಿ ಎದ್ದ ಕೂಡಲೇ ಫ್ರಿಜ್ಜಿಗೆ ಸೇರಿಸುತ್ತೇವೆ, ತಣ್ಣಗಿರುವಾಗಲೇ ಕಟ್ಟುತ್ತೇವೆ. ತೋಡದ ಮೊಸರು ಒಡೆಯುವುದಿಲ್ಲ. ಇದಕ್ಕೆ ಸಣ್ಣ ಡಬ್ಬಿಗಳು ಎರಡು ಜೊತೆ ಬೇಕು, ಒಂದು ಗಿರಾಕಿಯ ಬಳಿ, ಒಂದು ಮನೆಯಲ್ಲಿ. ಅವಕ್ಕೇ ಆರೇಳು ಸಾವಿರ ರೂಪಾಯಿ ಸುರಿದೆ.

ಇನ್ನು ನಾಲ್ಕು ಗಂಟೆಯ ಮಾತು. ಒಂದು ಪೇರಲಹಣ್ಣು, ಒಂದು ಹಿಡಿ ಸಿಪ್ಪೆ ಸಹಿತ ಹುರಿದ ಕಡಲೆ, ಇಷ್ಟಿದ್ದರೆ ಗಿರ್ಮಿಟ್ಟಿನ ಗಾಡಿಯನ್ನು ದಾಟಿ ಹೋಗಬಹುದು. ಅದನ್ನು ಡಬ್ಬಿಯ ಮೂರನೆಯ ಅಂತಸ್ತಿನಲ್ಲಿ ಇಟ್ಟಾಗ ಎಲ್ಲರೂ ಊಟದ ಜೊತೆಗೇ ತಿಂದು ಮುಗಿಸಿದರು. ಆಮೇಲೆ ಕಾಗದದ ಚೀಲದಲ್ಲಿ ಬೇರೆಯಾಗಿ ಕಟ್ಟಿ, ಚೀಲದ ಮೇಲೆ ದೊಡ್ಡದಾಗಿ ‘4’ ಎಂದು ಬರೆದು ಕೊಡತೊಡಗಿದೆ. ಸಣ್ಣ ಮಕ್ಕಳ ಆಟದಂತೆ ಕಂಡರೂ ಇಡೀ ಡಬ್ಬಿಯಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಈ ಚೀಲವೇ. ಪೇರಲ ಸಿಗದ ತಿಂಗಳುಗಳಲ್ಲಿ ಗಜ್ಜರಿ ಅಥವಾ ಕಿತ್ತಳೆ. ಬಾಳೆಹಣ್ಣು ಚೀಲದಲ್ಲಿ ಕಪ್ಪಾಗುತ್ತದೆಂದು ಬಿಟ್ಟೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಥಾಲಿಪಟ್ಟು ಎಲ್ಲರಿಗೂ ಮೆಚ್ಚುಗೆಯಾಯಿತು, ಆದರೆ ಅದು ಹಂಚಿನ ಮೇಲೆ ಎಣ್ಣೆ ಕುಡಿಯುವುದನ್ನು ನೋಡಿ ತಿಂಗಳಿಗೊಮ್ಮೆ ಸಾಕೆಂದೆ. ನವಣೆ ಅನ್ನದ ಚಿತ್ರಾನ್ನ ಆರಿದರೆ ಉದುರುದುರಾಗಿ ಗಂಟಲಿಗೆ ಸಿಗುತ್ತದೆ, ಮೊಸರು ಕಲಸಿದ ನವಣೆ ಅನ್ನವಾದರೆ ಪರವಾಗಿಲ್ಲ. ಬೇಯಿಸಿದ ಮೊಟ್ಟೆ ಹತ್ತು ರೂಪಾಯಿಗೆ ಆರು ಗ್ರಾಂ ಪ್ರೋಟೀನು ಕೊಡುವುದರಿಂದ ಲೆಕ್ಕದಲ್ಲಿ ಅದು ಕಾಳನ್ನು ಮೀರಿಸುವುದಿಲ್ಲ; ಒಂದೇ ಕಪಾಟಿನಲ್ಲಿ ಇಟ್ಟ ಡಬ್ಬಿಗಳಿಗೆಲ್ಲ ವಾಸನೆ ಹತ್ತುತ್ತದೆಂದು ಮೊಟ್ಟೆ ಮುಟ್ಟದವರು ದೂರಿದ ಮೇಲೆ ಕೇಳಿದವರಿಗೆ ಮಾತ್ರ ಬಿಗಿ ಮುಚ್ಚಳದ ಬೇರೆ ಡಬ್ಬಿಯಲ್ಲಿ ಕೊಡುತ್ತೇನೆ. ಬೇಸಿಗೆಯಲ್ಲಿ ಜೋಳದ ನುಚ್ಚು ಮತ್ತು ಮಜ್ಜಿಗೆ ಕೊಟ್ಟದ್ದು ನಾನು ಎಣಿಸದಷ್ಟು ಗೆದ್ದಿತು. ಸೋಮವಾರ, ಗುರುವಾರದ ಒಪ್ಪತ್ತಿನವರದು ಬೇರೆ ಕಥೆ: ಉಪವಾಸವೆಂದು ಸಾಬುದಾಣಿ ಖಿಚಡಿ ಬಯಸುತ್ತಾರೆ, ಶೇಂಗಾ ಮತ್ತು ತುಪ್ಪದ ಆ ಖಿಚಡಿಯ ಮುಂದೆ ನಮ್ಮ ಮಾಮೂಲಿ ಡಬ್ಬಿಯೇ ಉಪವಾಸದಂತೆ ಕಾಣುತ್ತದೆ. ಅವರಿಗೆ ಹಣ್ಣು, ಮೊಸರು, ಬೇಯಿಸಿದ ಒಂದು ಗೆಣಸು ಕಟ್ಟಿ ಕಳಿಸುತ್ತೇನೆ.

ಬೆಳಗಿನ ಕೆಲಸ ಹಗುರವಾಗಿರುವುದು ರಾತ್ರಿಯ ಕೆಲಸದಿಂದ. ಮೊಳಕೆ, ಮೊಸರು, ಒರೆಸಿಟ್ಟ ತರಕಾರಿ, ‘4’ರ ಚೀಲ, ಎಲ್ಲವೂ ಹತ್ತರೊಳಗೆ ಸಿದ್ಧ, ಬೆಳಿಗ್ಗೆ ರೊಟ್ಟಿ ಬಡಿಯಲು ಇಬ್ಬರು ಬರುತ್ತಾರೆ, ಪಲ್ಯ ನನ್ನದು. ತುಂಬುವುದಕ್ಕೆ ಅರವತ್ತು ಡಬ್ಬಿಗೆ ಮುಕ್ಕಾಲು ಗಂಟೆ ಸಾಕು, ಹಳೆಯ ಸಾರಿನ ಡಬ್ಬಿಗಳ ಕಾಲದಲ್ಲಿ ಇದರ ಎರಡರಷ್ಟು ಹಿಡಿಯುತ್ತಿತ್ತು.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ರೊಟ್ಟಿಗೆ ಹಿಟ್ಟು ಮತ್ತು ಬಡಿಯುವ ಕೂಲಿ ಸೇರಿ ಡಬ್ಬಿಗೆ ಒಂಬತ್ತು ರೂಪಾಯಿ, ಕಾಳು ಐದು, ತರಕಾರಿ ಎಂಟೊಂಬತ್ತು, ಮೊಸರು ಆರು, ಚಟ್ನಿ ಪುಡಿ ಎರಡು, ಸಂಜೆಯ ಚೀಲ ಐದಾರು, ಗ್ಯಾಸು ಮತ್ತು ಪೆಟ್ರೋಲು ಎಂಟು. ಒಟ್ಟು ನಲವತ್ತೈದರ ಸುತ್ತಮುತ್ತ. ಹಳೆಯ ಡಬ್ಬಿಯನ್ನು ಅರವತ್ತಕ್ಕೆ ಕೊಡುತ್ತಿದ್ದೆ, ಇದಕ್ಕೆ ಎಪ್ಪತ್ತೈದು. ಅನ್ನವೂ ಇಲ್ಲ, ಮೇಲೆ ಹದಿನೈದು ರೂಪಾಯಿ ಹೆಚ್ಚು ಎಂದು ಗೊಣಗಿದವರಿಗೆ ಗಿರ್ಮಿಟ್ಟು ಮತ್ತು ಮಿರ್ಚಿಗೆ ದಿನಕ್ಕೆ ಎಷ್ಟು ಹೋಗುತ್ತಿದೆ ಎಂದು ಕೇಳುತ್ತಿದ್ದೆ, ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಪಡಸಾಲೆಯಲ್ಲಿ ಸಾವಿರ ರೂಪಾಯಿಯ ಒಂದು ತೂಕದ ಯಂತ್ರ ಇಟ್ಟಿದ್ದೇನೆ, ಭಾನುವಾರ ಬೆಳಿಗ್ಗೆ ಬಂದವರು ಹತ್ತಿ ನೋಡುತ್ತಾರೆ. ಬಿಡದೆ ಮೂರು ತಿಂಗಳು ನಡೆಸಿದವರಲ್ಲಿ ಹೆಚ್ಚಿನವರು ಮೂರರಿಂದ ಐದು ಕಿಲೋ ಇಳಿದಿದ್ದಾರೆ. ಬೆಳಿಗ್ಗೆ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಓಡುತ್ತಿದ್ದ ಒಬ್ಬ ಹುಡುಗ ಎಂಟು ಕಿಲೋ ಇಳಿದ. ಏನೂ ಇಳಿಯದವರೂ ಇದ್ದಾರೆ, ವಿಚಾರಿಸಿದರೆ ರಾತ್ರಿಯ ಊಟ ಬೇರೆ ಕಡೆ, ಅಲ್ಲಿ ಅನ್ನ ಎಷ್ಟು ಬೇಕಾದರೂ ಬಡಿಸುತ್ತಾರೆ. “ಅಕ್ಕಾ, ಒಂದ ರೊಟ್ಟಿ ಕೊಡ್ರಿ, ಲಗೂನ ಇಳೀಬೇಕು” ಎನ್ನುವ ಹುಡುಗಿಯರಿಗೆ ಮಾತ್ರ ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಬರೀ ಚಹಾ ಕುಡಿದು, ಮಧ್ಯಾಹ್ನ ಒಂದು ರೊಟ್ಟಿ ತಿಂದು ಹನ್ನೆರಡು ತಾಸು ಓದುತ್ತೇನೆಂದರೆ ತಲೆ ತಿರುಗಿ ಬೀಳುವುದೇ ಸರಿ. ಸರಿಯಾಗಿ ಉಂಡೂ ತೂಕ ಏರುತ್ತಲೇ ಇದ್ದ ಒಬ್ಬಳನ್ನು ವೈದ್ಯರ ಬಳಿ ಕಳಿಸಿದೆ, ಅವಳಿಗೆ ಥೈರಾಯ್ಡ್ ತೊಂದರೆ ಇತ್ತು.

ಈಗ ಉಳಿದಿರುವ ತಲೆನೋವು ಡಬ್ಬಿಗಳದು. ಪರೀಕ್ಷೆ ಮುಗಿದ ಮರುದಿನವೇ ಹುಡುಗರು ಊರಿಗೆ ಹೋಗುತ್ತಾರೆ, ಅವರೊಡನೆ ನನ್ನ ಸ್ಟೀಲ್ ಡಬ್ಬಿಗಳೂ ಬಸ್ಸು ಹತ್ತುತ್ತವೆ. ಕಳೆದ ವರ್ಷ ಹೀಗೆ ಹೋದವು ಇಪ್ಪತ್ತಕ್ಕೂ ಹೆಚ್ಚು. ಈ ಜೂನಿನಿಂದ ಸೇರುವಾಗಲೇ ಐನೂರು ರೂಪಾಯಿ ಠೇವಣಿ ತೆಗೆದುಕೊಳ್ಳುತ್ತಿದ್ದೇನೆ, ತಮ್ಮ ಬಳಿಯ ಡಬ್ಬಿಗಳನ್ನೆಲ್ಲ ಮರಳಿಸಿದವರಿಗೆ ಅದೇ ದಿನ ಹಣ ಮರಳಿಸುತ್ತೇನೆ.