ರಾಜಕಾಲುವೆಯ ಗೆರೆ ಕಡಿಯದಂತೆ ನೋಡಿಕೊಂಡದ್ದು

ಬೆಂಗಳೂರಿನ ರಾಜಕಾಲುವೆಗಳನ್ನು ಉಪಗ್ರಹ ಚಿತ್ರದಲ್ಲಿ ಗುರುತಿಸಲು ನಾನು ಯು-ನೆಟ್ ಎಂಬ ಬಗೆಯ ಒಂದು ಎಐ ಮಾಡೆಲ್ ತಯಾರು ಮಾಡಿದೆ. ಚಿತ್ರದ ಯಾವ ಪಿಕ್ಸೆಲ್ ಕಾಲುವೆ, ಯಾವುದು ಅಲ್ಲ ಎಂದು ಇದು ಹೇಳುತ್ತದೆ. ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ ಹೋಗುತ್ತದಲ್ವಾ? ನಕ್ಷೆಯಲ್ಲಿ ಈ ದಾರಿ ಒಂದು ಕಡೆ ಕಡಿದರೂ ಪ್ರವಾಹದ ಲೆಕ್ಕ ಪೂರ್ತಿ ಕೆಡುತ್ತದೆ.

ಮಾಡೆಲ್ ಬಿಡಿಸಿದ್ದು ಅಸಲಿಯ ಮೇಲೆ ಎಷ್ಟು ಸರಿಯಾಗಿ ಕೂರುತ್ತದೆ ಎಂದು ನೋಡುವ ತಪ್ಪಿನ ಅಳತೆ ಡೈಸ್ ಲಾಸ್. ಇದನ್ನು ಕೊಟ್ಟು ಕಲಿಸಿದಾಗ ಅಂಕ ಚೆನ್ನಾಗಿಯೇ ಬಂತು. ಆದರೆ ಮರದ ಕೊಂಬೆ ಅಡ್ಡ ಬಂದಲ್ಲಿ, ಮೇಲೆ ರಸ್ತೆ ಹಾದುಹೋದಲ್ಲಿ ಗೆರೆ ಮೂರ್ನಾಲ್ಕು ಪಿಕ್ಸೆಲ್ ಮಾಯ. ಸಾವಿರಾರು ಪಿಕ್ಸೆಲ್ ಸರಿ ಇದ್ದಾಗ ಡೈಸ್‌ಗೆ ಇದು ಲೆಕ್ಕಕ್ಕೇ ಇಲ್ಲ.

ಇಲ್ಲಿ ಟೋಪಾಲಜಿ, ಅಂದರೆ ಆಕಾರಗಳು ಹೇಗೆ ಜೋಡಿಕೊಂಡಿವೆ ಎಂದು ನೋಡುವ ಗಣಿತ, ಬೇಕಾಯಿತು. ಚಿತ್ರದಲ್ಲಿ ಎಷ್ಟು ಬಿಡಿ ತುಂಡುಗಳಿವೆ, ಎಷ್ಟು ಕುಣಿಕೆಗಳಿವೆ ಎಂದು ಬೆಟ್ಟಿ ಸಂಖ್ಯೆಗಳು ಹೇಳುತ್ತವೆ. ಪರೀಕ್ಷೆಗೆ ಇವು ಸೊಗಸು. ಆದರೆ ಬರೀ ಎಣಿಕೆಯಿಂದ ಗ್ರೇಡಿಯಂಟ್, ಅಂದರೆ ತಪ್ಪು ಕಡಿಮೆಯಾಗಲು ಮಾಡೆಲನ್ನು ಯಾವ ಕಡೆಗೆ ತಿದ್ದಬೇಕೆಂಬ ಸುಳಿವು, ಸಿಗುವುದಿಲ್ಲ. ಪರ್ಸಿಸ್ಟೆಂಟ್ ಹೋಮಾಲಜಿ ಎಂಬ ವಿಧಾನದಿಂದ ಸಿಗುತ್ತದೆ: ಪಿಕ್ಸೆಲನ್ನು ಕಾಲುವೆ ಎಂದು ಎಣಿಸಲು ಮಾಡೆಲ್‌ಗೆ ಇರಬೇಕಾದ ಕನಿಷ್ಠ ಭರವಸೆಯನ್ನು (ಥ್ರೆಶೋಲ್ಡ್) 1ರಿಂದ ಕೆಳಗಿಳಿಸುತ್ತಾ ಹೋದರೆ ತುಂಡುಗಳು ಹುಟ್ಟುತ್ತವೆ, ಒಂದಕ್ಕೊಂದು ಸೇರುತ್ತವೆ. ಜಾಸ್ತಿ ಹೊತ್ತು ಉಳಿದದ್ದನ್ನು ನಂಬಬಹುದು, ಬೇಗ ಸೇರಿಹೋದದ್ದು ಸಾಮಾನ್ಯವಾಗಿ ಗದ್ದಲ. ಲೆಕ್ಕ ಭಾರವಾದ್ದರಿಂದ ಇದನ್ನು ಸಣ್ಣ ಪ್ಯಾಚ್‌ಗಳ (ಚಿತ್ರದ ಚಿಕ್ಕ ತುಣುಕುಗಳ) ಮೇಲಷ್ಟೇ ನಡೆಸಿದೆ.

ದಿನನಿತ್ಯದ ತರಬೇತಿಗೆ ಒಗ್ಗಿದ್ದು 2021ರಲ್ಲಿ ಪ್ರಕಟವಾದ ಸಿಎಲ್‌ಡೈಸ್ (clDice) ಎಂಬ ಇನ್ನೊಂದು ಲಾಸ್. ಇದು ಗೆರೆಯನ್ನು ಸವೆಸಿ ಬೆನ್ನೆಲುಬನ್ನು, ಅಂದರೆ ನಡುವಿನ ತೆಳು ಗೆರೆಯನ್ನು, ಮಾತ್ರ ಉಳಿಸುತ್ತದೆ. ಅಸಲಿ ಕಾಲುವೆಯ ಬೆನ್ನೆಲುಬು ಮಾಡೆಲ್ ಬಿಡಿಸಿದ್ದರೊಳಗೆ ಎಷ್ಟಿದೆ, ಮಾಡೆಲ್‌ನ ಬೆನ್ನೆಲುಬು ಅಸಲಿಯೊಳಗೆ ಎಷ್ಟಿದೆ ಎಂದು ಅಳೆಯುತ್ತದೆ. ಸವೆಸುವುದೆಲ್ಲ ಮಿನ್-ಪೂಲಿಂಗ್, ಮ್ಯಾಕ್ಸ್-ಪೂಲಿಂಗ್‌ನಿಂದಲೇ (ಅಕ್ಕಪಕ್ಕದ ಪಿಕ್ಸೆಲ್‌ಗಳಲ್ಲಿ ಅತಿ ಚಿಕ್ಕ ಅಥವಾ ಅತಿ ದೊಡ್ಡ ಬೆಲೆಯನ್ನು ಆರಿಸುವುದರಿಂದಲೇ) ಆಗುವುದರಿಂದ ಗ್ರೇಡಿಯಂಟ್ ಸಲೀಸಾಗಿ ಹರಿಯುತ್ತದೆ. ಎಷ್ಟು ಸಲ ಸವೆಸಬೇಕು ಎಂಬುದಕ್ಕೆ ಅತಿ ಅಗಲದ ಕಾಲುವೆಯ ಅರ್ಧ ಅಗಲವನ್ನು ಪಿಕ್ಸೆಲ್‌ನಲ್ಲಿ ಅಳೆದು, ಅದಕ್ಕಿಂತ ಕಡಿಮೆ ಇಡಬೇಡಿ. ಮೊದಲು ಬರೀ ಡೈಸ್‌ನಲ್ಲಿ ಕಲಿಸಿ, ಆಮೇಲೆ ಇದನ್ನು ಬೆರೆಸುವುದು ನನಗೆ ಹಿಡಿಸಿದ ಕ್ರಮ.

ನಮ್ಮೂರಲ್ಲಿ ಒಂದು ಅಪಾಯವೂ ಇದೆ. ಕಾಲುವೆಯ ಮೇಲೆ ಕಟ್ಟಡ ಎದ್ದು ದಾರಿ ನಿಜವಾಗಿಯೇ ಮುಚ್ಚಿರುತ್ತದೆ. ಜೋಡಿಸುವ ಅಭ್ಯಾಸವಾದ ಮಾಡೆಲ್ ಅಲ್ಲೂ ಸುಮ್ನೆ ಗೆರೆ ಎಳೆದುಬಿಡುತ್ತದೆ. ಹಾಗಾದರೆ ಒತ್ತುವರಿಯೇ ಕಾಣದೆ ಹೋಗುತ್ತದೆ. ಇದು ಬಹಳ ಮುಖ್ಯ. ಅದಕ್ಕೇ ಲೇಬಲ್‌ನಲ್ಲಿ ಮರದ ಕೆಳಗಿನ ಕಾಲುವೆಗೆ ಒಂದು ಗುರುತು, ಮುಚ್ಚಿಹೋದದ್ದಕ್ಕೆ ಬೇರೆ ಗುರುತು ಕೊಟ್ಟೆ. ಕೃತಕ ಚಿತ್ರಗಳನ್ನು ಹುಟ್ಟಿಸಿ ಡೇಟಾ ಹೆಚ್ಚಿಸುವಾಗಲೂ ಕಡಿದ ಕಾಲುವೆಗಳನ್ನು ಬೇಕೆಂದೇ ಸೇರಿಸಿದೆ.

ಈಗ ಹಳೆಯ ಗ್ರಾಮ ನಕ್ಷೆಯ ಬೆಟ್ಟಿ ಸಂಖ್ಯೆಗೂ ಮಾಡೆಲ್‌ನದಕ್ಕೂ ತಾಳೆಯಾಗದ ಪ್ಯಾಚ್‌ಗಳನ್ನೇ ಮೊದಲು ತೆಗೆದು ನೋಡುತ್ತೇನೆ. ಸ್ಥಳಕ್ಕೆ ಹೋಗಬೇಕಾದ ಪಟ್ಟಿ ಅಲ್ಲಿಂದಲೇ ಸಿದ್ಧವಾಗುತ್ತದೆ.